ವ್ಯಸನಮುಕ್ತ ಮನೆ

"ಬಾಯಿ ತಗಿಯೋ ಭಾಡ್ಯಾ. ಇನ್ನೂ ದೊಡ್ಡದ ತಗಿ. ನಾಲಿಗಿ ಎತ್ತು."

ಅಲ್ಲಪ್ಪ ಶೇಠ ಮೊಬೈಲಿನ ಟಾರ್ಚು ಹಚ್ಚಿ ಕೃಷ್ಣಾನ ಬಾಯೊಳಗೆ ಇಣುಕಿದ. ಗಡಿಯಾಚೆಯ ಮರಾಠಿ ಸೀಮೆಯ ಶಹಾಪುರದಲ್ಲಿ ಅವನ ವಿದ್ಯುತ್ ಮಗ್ಗದ ಶೆಡ್ಡಿನ ಬಾಗಿಲಲ್ಲಿ ಹಗಲು ಪಾಳಿಯವರೆಲ್ಲ ಸಾಲುಗಟ್ಟಿ ನಿಂತಿದ್ದರು. ಕೊನೆಯಲ್ಲಿ ಕಾಂಡಿಗೆ ನೂಲು ಸುತ್ತುವ ಹೆಂಗಸರು. ಅವರ ನಡುವೆ ಕೃಷ್ಣಾನ ಹೆಂಡತಿ ರಂಗುಬಾಯಿ.

ದವಡೆಯ ಸಂದಿಯಲ್ಲಿ ಚಿಟಿಕೆ ತಂಬಾಕು ಸಿಕ್ಕಿತು. ಶೇಠನಿಗೆ ನಿಧಿ ಸಿಕ್ಕಷ್ಟು ಖುಷಿ.

"ಉಗುಳು. ನೆಲಕ್ಕಲ್ಲೋ ಹಲ್ಕಟ್, ನಿನ್ನ ಕೈಯಾಗ ಉಗುಳು. ಎಲ್ಲಾರಿಗೂ ತೋರಸು."

ಕೃಷ್ಣಾ ಬೊಗಸೆಯಲ್ಲಿ ಉಗುಳಿಕೊಂಡ. ಆ ಕೈ ಹಿಡಿದುಕೊಂಡೇ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ. ರಂಗುಬಾಯಿಯ ಮುಂದೆ ಬಂದಾಗ ಮುಖ ಆ ಕಡೆ ತಿರುಗಿಸಿದ.

"ಇದು ನನ್ನ ಮಾತಲ್ಲ," ಎಂದ ಶೇಠ. "ನಿಮ್ಮ ಗಲ್ಲೀದ ಲೆಕ್ಕ ಮೊಬೈಲದಾಗ ಬಂದೈತಿ. ಮನಿಮನೀಗೆ ತಂಬಾಕ. ನಿಮ್ಮ ಹೆಂಡ್ರು ತಮ್ಮ ಬಾಯಿಲೆ ಬರಿಸ್ಯಾರ. ಇನ್ನ ಕೆಮ್ಮ ಬಂತು ದಮ್ಮ ಹತ್ತಿತು ಅಂತ ನನ್ನ ಮುಂದ ಯಾವನರ ಬಂದ್ರ, ಕಾಲಾಗಿನ ಚಪ್ಪಲ ಕೈಯಾಗ ಬರತೈತಿ."

ಹೆಂಗಸರೆಲ್ಲ ರಂಗುಬಾಯಿಯ ಕಡೆ ನೋಡಿದರು. ಬರೆಸಿದ್ದು ಅವರೇ ಆದರೂ ಬರೆಸಿ ಎಂದು ಬೆನ್ನು ಹತ್ತಿದವಳು ಅವಳೇ.

ಮಳೆಗಾಲಕ್ಕೆ ಮುಂಚೆ ಗಲ್ಲಿಗೆ ಒಬ್ಬ ಹುಡುಗಿ ಬಂದಿದ್ದಳು. ರುತುಜಾ ಅಂತ. ಗಡಹಿಂಗ್ಲಜ ಕಡೆಯ ನೂಲ ಎಂಬ ಊರಿನವಳು, ರೈತರ ಮನೆಯ ಮಗಳು. ಯಾವುದೋ ಸಂಸ್ಥೆಯ ಕೆಲಸ. ಜನ ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ, ಏನು ಅಗಿಯುತ್ತಾರೆ, ಎಷ್ಟು ನಡೆಯುತ್ತಾರೆ ಎಂದು ಕೇಳಿ ಕೇಳಿ ಕೈಯಲ್ಲಿದ್ದ ಟ್ಯಾಬಿನಲ್ಲಿ ಒತ್ತುತ್ತಿದ್ದಳು. ಮರಾಠಿಯಲ್ಲಿ ಶುರು ಮಾಡಿ, ಇವರ ಮನೆಮಾತು ಕೇಳಿ ಕನ್ನಡಕ್ಕೆ ಹೊರಳಿದಳು. ಅಲ್ಲಿಗೆ ರಂಗುಬಾಯಿ ಕರಗಿಹೋದಳು. ಚಹಾ ಇಟ್ಟಳು. ಹುಡುಗಿ, ಈಗಷ್ಟೇ ಕುಡಿದು ಬಂದೆ ಎಂದಳು. ಈ ಗಲ್ಲಿಗೆ ಬರುವ ದೊಡ್ಡ ಜಾತಿಯವರೆಲ್ಲ ಈಗಷ್ಟೇ ಕುಡಿದೇ ಬಂದಿರುತ್ತಾರೆ. ರಂಗುಬಾಯಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹುಡುಗಿ ಹೇಳಿದ ಇನ್ನೊಂದು ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು.

"ಖರೇ ಖರೇ ಹೇಳ್ರಿ ಮಾವಶಿ. ಎಲ್ಲಿ ತ್ರಾಸ ಭಾಳ ಐತಿ ಅಂತ ಲೆಕ್ಕದಾಗ ಕಾಣತೈತಿ, ಅಲ್ಲಿಗೆ ಎದಿ ತಪಾಸಣೀ ಗಾಡಿ ಬರತೈತಿ."

ಕೃಷ್ಣಾನಿಗೆ ಆಗಲೇ ಕೆಮ್ಮು ಹತ್ತಿತ್ತು. ಗಾಡಿ ಬಂದರೆ ಅವನ ಎದೆಯೊಳಗೆ ಏನಿದೆ ಎಂದು ಗೊತ್ತಾಗುತ್ತದೆ, ಗೊತ್ತಾದರೆ ಔಷಧ ಬೀಳುತ್ತದೆ. ಇಷ್ಟೇ ಅವಳ ಲೆಕ್ಕ. ಹಾಗಾಗಿ ಒಂದನ್ನೂ ಮುಚ್ಚಿಡಲಿಲ್ಲ. ತಂಬಾಕು? ಹೂಂ, ದಿನಾಲೂ. ಸಿಹಿ? ಬೆಲ್ಲ, ಪಾಳಿ ಮುಗಿದ ಕೂಡಲೇ. ವ್ಯಾಯಾಮ? ರಂಗುಬಾಯಿಗೆ ನಗು ತಡೆಯಲಾಗಲಿಲ್ಲ. ಹಗಲೆಲ್ಲ ಮಗ್ಗದಿಂದ ಮಗ್ಗಕ್ಕೆ ಓಡುತ್ತಾನೆ ಎಂದಳು. ಅದು ಕೆಲಸ, ವ್ಯಾಯಾಮ ಅಲ್ಲ ಎಂದು ರುತುಜಾ 'ಇಲ್ಲ' ಒತ್ತಿದಳು.

ತಂಬಾಕು ಯಾಕೆ ಅಂತ ಕೇಳಲೇ ಇಲ್ಲವಲ್ಲ ಎನಿಸಿ, ರಂಗುಬಾಯಿ ಗೋಡೆಯ ಗೂಡಿನಲ್ಲಿದ್ದ, ಮಗ್ಗದಲ್ಲಿ ಅಡ್ಡ ನೂಲು ಓಡಿಸುವ ಸವೆದ ಲಾಳಿಯನ್ನು ತಂದಳು. ಶೆಡ್ಡಿನವರು ಎಸೆದದ್ದನ್ನು ಕೃಷ್ಣಾ ಮನೆಗೆ ತಂದಿಟ್ಟಿದ್ದ. ಅದರೊಳಗೆ ನೂಲಿನ ಕಾಂಡಿ ಕೂರಿಸಿದಳು. ಲಾಳಿಯ ತುದಿಗೆ ಒಂದು ಸಣ್ಣ ಕಣ್ಣು ಇರುತ್ತದೆ. ಕಾಂಡಿ ಬದಲಿಸಿದಾಗಲೆಲ್ಲ ನೂಲಿನ ತುದಿ ಆ ಕಣ್ಣಿನಿಂದ ಹೊರಗೆ ಬರಬೇಕು. ಕೈಯಿಂದ ಪೋಣಿಸುತ್ತ ಕೂತರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಶೇಠ ಬೊಗಳುತ್ತಾನೆ. ಅದಕ್ಕೆ ಮಗ್ಗದವರು ಕಣ್ಣಿಗೆ ಬಾಯಿ ಹಚ್ಚಿ ಉಸಿರು ಜಗ್ಗುತ್ತಾರೆ, ನೂಲು ಬಾಯಿಗೆ ಬರುತ್ತದೆ. ನೂಲಿನ ಜೊತೆ ಹತ್ತಿಯ ಧೂಳೂ ಬರುತ್ತದೆ. ಹಗಲು ಪಾಳಿಯವನು ಬಾಯಿ ಹಚ್ಚಿದ ಲಾಳಿಗೇ ರಾತ್ರಿ ಪಾಳಿಯವನೂ ಬಾಯಿ ಹಚ್ಚಬೇಕು. ದವಡೆಯಲ್ಲಿ ತಂಬಾಕು ಇದ್ದರೆ ಧೂಳು ಅದಕ್ಕೇ ಅಂಟಿಕೊಳ್ಳುತ್ತದೆ, ಬೆಲ್ಲ ತಿಂದರೆ ಗಂಟಲಲ್ಲಿ ಉಳಿದದ್ದು ಕೆಳಗಿಳಿಯುತ್ತದೆ ಎಂಬುದು ಮಗ್ಗದವರ ನಂಬಿಕೆ. ನಿಜವೋ ಸುಳ್ಳೋ, ಕೆಲಸ ಕಲಿಯುವ ಮೊದಲ ದಿನವೇ ಹಳಬರು ಹೊಸಬನ ದವಡೆಗೆ ಚಿಟಿಕೆ ಇಟ್ಟು ಆಮೇಲೆ ಲಾಳಿ ಕೊಡುತ್ತಾರೆ. ಅವರ ಪಾಲಿಗೆ ಅದು ಚಟವಲ್ಲ, ಔಷಧ. ಔಷಧ ತಗೊಳ್ಳುತ್ತೇವೆ ಎಂದು ಹೇಳಲು ಯಾರಿಗೆ ನಾಚಿಕೆ?

ರಂಗುಬಾಯಿ ಲಾಳಿಗೆ ಬಾಯಿ ಹಚ್ಚಿ ಜಗ್ಗಿ ತೋರಿಸಿದಳು. ತುಟಿಗೆ ಅಂಟಿದ ನೂಲನ್ನು ನೋಡಿ ರುತುಜಾ ಮುಖ ಕಿವುಚಿದಳು.

"ಇದನ್ನ ಬರಕೊಳ್ಳಾಕ ಟ್ಯಾಬಿನಾಗ ಜಾಗಾನ ಇಲ್ಲ ಮಾವಶಿ," ಎಂದಳು.

ಆಮೇಲೆ ರಂಗುಬಾಯಿಯೇ ಮನೆಮನೆಗೆ ಅವಳನ್ನು ಕರೆದುಕೊಂಡು ಹೋದಳು. ಹಲ್ಲಿಗೆ ಸುಟ್ಟ ತಂಬಾಕಿನ ಮಶೇರಿ ತಿಕ್ಕುವುದನ್ನು ಸೊಸೆಯಂದಿರಿಂದಲೂ ಮುಚ್ಚಿಟ್ಟಿದ್ದ ಹೌಸಾಬಾಯಿ ಮುದುಕಿಯ ಬಾಯಿಂದಲೂ, ಗಾಡಿ ಬರತೈತಿ ಆಯಿ ಎಂದು ಪುಸಲಾಯಿಸಿ, ನಿಜ ಹೊರಡಿಸಿದಳು.

ಗಾಡಿ ಬರಲಿಲ್ಲ. ಟಾರ್ಚು ಬಂತು.

ಕೈಯಲ್ಲಿ ಉಗುಳಿಕೊಂಡ ದಿನದಿಂದ ಕೃಷ್ಣಾ ತಂಬಾಕು ಮುಟ್ಟಲಿಲ್ಲ. ಲಾಳಿಗೆ ಬಾಯಿ ಹಚ್ಚುವುದು ಮಾತ್ರ ಇದ್ದೇ ಇತ್ತು, ಅದನ್ನು ಬಿಡು ಎಂದು ಯಾರೂ ಹೇಳಿರಲಿಲ್ಲ. ಕಫದಲ್ಲಿ ಮೊದಲು ಹತ್ತಿಯ ಎಳೆ ಕಂಡಿತು, ಆಮೇಲೆ ಕೆಂಪು. ಮಲಗಿದಾಗಲೂ ತುಟಿ ದುಂಡಗೆ ಮಾಡಿ ಉಸಿರು ಎಳೆಯುತ್ತಿದ್ದ. ನಿದ್ದೆಯಲ್ಲೂ ಮಗ್ಗ ನಡೆಸುತ್ತಾನೆ ಎಂದು ರಂಗುಬಾಯಿ ಮೊದಮೊದಲು ನಕ್ಕಿದ್ದಳು.

ಅರಿವೆ ಮಡಿಸುವ ಮೇಜಿನ ಕೆಲಸಕ್ಕಾದರೂ ಅವನನ್ನು ಹಾಕಿರಿ ಎಂದು ಶೇಠನ ಕಾಲು ಹಿಡಿದಳು. ಶೆಡ್ಡಿನ ಧೂಳಿನಿಂದಲೇ ಕೆಮ್ಮು ಅಂತ ಡಾಕ್ಟರು ಬರೆದುಕೊಟ್ಟರೆ ಮೇಜೂ ಕೊಡುತ್ತೇನೆ, ಔಷಧವನ್ನೂ ಕೊಡಿಸುತ್ತೇನೆ ಎಂದ. ಎಷ್ಟು ಧೈರ್ಯದಿಂದ ಹೇಳಿದ ಎಂದರೆ, ಅವನು ಇಷ್ಟು ಒಳ್ಳೆಯವನೇ ಎಂದು ಅವಳಿಗೆ ಗಾಬರಿಯಾಯಿತು.

ದವಾಖಾನೆಯ ಡಾಕ್ಟರು ಕೃಷ್ಣಾನ ಎದೆಗೆ ಕೊಳವೆ ಹಚ್ಚುವ ಮೊದಲೇ ಯಾವ ಗಲ್ಲಿ ಎಂದು ಕೇಳಿದ. ಹೇಳಿದ ಕೂಡಲೇ ಕಂಪ್ಯೂಟರಿನ ಮುಖವನ್ನು ಅವರ ಕಡೆ ತಿರುಗಿಸಿದ. ಅಲ್ಲಿ ಬಣ್ಣದ ಕಂಬಗಳು. ಎಲ್ಲಕ್ಕಿಂತ ಎತ್ತರದ್ದು ಇವರ ಗಲ್ಲಿಯದು.

"ತುಮಚೀ ಗಲ್ಲೀ ಏಕ್ ನಂಬರ್," ಎಂದ. ತಂಬಾಕಿನಲ್ಲಿ ಮೊದಲ ನಂಬರು. ಬಿಟ್ಟಾಗಿದೆ ಸಾಹೇಬರೇ ಎಂದು ಕೃಷ್ಣಾ ಉಸಿರು ಹಿಡಿದು ಹಿಡಿದು ಹೇಳಿದ. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಡಾಕ್ಟರು ತಂಬಾಕು ಅಂತಲೇ ಬರೆದ. ಧೂಳು ಅಂತ ಬರೆಯಿರಿ ಎಂದು ರಂಗುಬಾಯಿ ಸೆರಗು ಒಡ್ಡಿದಳು. ನನಗೆ ಡಾಕ್ಟರಕಿ ಕಲಿಸುತ್ತೀಯಾ ಎಂದವನೇ ಹೊರಗಿನ ಸಾಲಿನವರನ್ನು ಕರೆದ.

ಅಲ್ಲಿಂದ ಅವಳು ವಾರ್ಡ್ ಆಫೀಸಿಗೆ ಹೋದಳು. ನಮ್ಮ ಗಲ್ಲಿಯ ಲೆಕ್ಕದಲ್ಲಿ ನಾನು ಲಾಳಿ ಜಗ್ಗಿ ತೋರಿಸಿದ್ದು ಎಲ್ಲಿದೆ, ಅದೊಂದು ತೋರಿಸಿ ಎಂದು ಕೇಳಿದಳು. ಅಲ್ಲಿನ ಕಾರಕೂನ ಒಳ್ಳೆಯ ಮನುಷ್ಯ, ಬೈಯಲಿಲ್ಲ. ಮೊಬೈಲಿನಲ್ಲಿ ಗಲ್ಲಿಯ ಪುಟ ತೆಗೆದು ತಾಳ್ಮೆಯಿಂದ ಓದಿ ಹೇಳಿದ. ತಂಬಾಕು ಇತ್ತು, ಮಶೇರಿ ಇತ್ತು, ವಿಪರೀತ ಸಿಹಿ ತಿನ್ನುವುದಿತ್ತು, ವ್ಯಾಯಾಮವಿಲ್ಲದ ಜೀವನವಿತ್ತು. ಹೌಸಾಬಾಯಿಯ ಹಲ್ಲೂ ಅದರಲ್ಲಿ ಎಲ್ಲೋ ಒಂದು ಕಡೆ ಇತ್ತು. ಲಾಳಿ ಇರಲಿಲ್ಲ.

"ಕೇಳಲಾರದ್ದಕ್ಕ ಉತ್ತರ ಎಲ್ಲಿಂದ ಬರತೈತಿ ಬಾಯಿ," ಎಂದ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಇನ್ನು ಯಾರನ್ನು ಕೇಳಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಅಳು ಬರುತ್ತದೆ ಎಂದುಕೊಂಡಳು, ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ರುತುಜಾ ಮತ್ತೆ ಬಂದಳು. ಕೃಷ್ಣಾ ಹಾಸಿಗೆ ಹಿಡಿದು, ಶೇಠ ಅವನ ಮಗ್ಗಗಳಿಗೆ ಬೇರೆಯವನನ್ನು ಹಚ್ಚಿಯೂ ಆಗಿತ್ತು. ಹುಡುಗಿ ಹೊಸ್ತಿಲಾಚೆ ನಿಂತೇ ಕೇಳಿದಳು. ತಂಬಾಕು? ಬಿಟ್ಟಾನ. ಸಿಹಿ? ಅದೂ ಇಲ್ಲ. ಗಂಟಲಲ್ಲಿ ಅನ್ನದ ಗಂಜಿಯೇ ಇಳಿಯುವುದಿಲ್ಲ, ಬೆಲ್ಲ ಎಲ್ಲಿಂದ ಎಂದು ರಂಗುಬಾಯಿ ಹೇಳುವಷ್ಟರಲ್ಲಿ ಹುಡುಗಿ 'ಇಲ್ಲ' ಒತ್ತಿಯಾಗಿತ್ತು. ವಿಶ್ರಾಂತಿ ಸಾಕಷ್ಟು ಸಿಗುತ್ತದೆಯೇ ಎಂದು ಕೇಳಿದಳು. ರಂಗುಬಾಯಿ ಒಳಗಿನ ಹಾಸಿಗೆಯನ್ನು ತೋರಿಸಿದಳು. ಹುಡುಗಿಯ ಮುಖ ಅರಳಿತು. ಇಡೀ ಗಲ್ಲಿಯಲ್ಲಿ ಎಲ್ಲ ಉತ್ತರಗಳೂ ಸುಧಾರಿಸಿದ ಮನೆ ಇದೊಂದೇ ಅಂತೆ. ನಾಳೆ ಬೋರ್ಡು ಹಚ್ಚುತ್ತಾರೆ, ಶೇಠರೇ ಬರುತ್ತಾರೆ, ಅವರೇ ಬೋರ್ಡು ಮಾಡಿಸಿಕೊಟ್ಟಿದ್ದಾರೆ ಎಂದಳು.

ಬಂದೇ ಬಂದರು. ಅಲ್ಲಪ್ಪ ಶೇಠ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಹಿಂದೆ ರುತುಜಾ, ಫೋಟೋದವನು, ಸುತ್ತಿಗೆ ಹಿಡಿದವನು. 'ವ್ಯಸನಮುಕ್ತ ಘರ' ಎಂದು ಬರೆದ ಹಸಿರು ತಗಡು. ಗಲ್ಲಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಒಳಗಿನ ಏದುಸಿರು ಓಣಿಗೆಲ್ಲ ಕೇಳಿಸುತ್ತಿತ್ತು.

ಶೇಠ ತಗಡನ್ನು ಬಾಗಿಲಿಗೆ ಒತ್ತಿ ಹಿಡಿದು ಫೋಟೋದವನ ಕಡೆ ನಕ್ಕ. ಮೊದಲ ಏಟಿಗೆ ಬಾಗಿಲು ಅದುರಿತು, ಒಳಗೆ ಕೃಷ್ಣಾನ ಉಸಿರು ಸಿಕ್ಕಿಕೊಂಡು ಮತ್ತೆ ಬಿಟ್ಟಿತು. ರಂಗುಬಾಯಿ ಒಳಗೆ ಹೋದಳು. ಗೂಡಿನಲ್ಲಿದ್ದ ಲಾಳಿ ತೆಗೆದು, ಕಾಂಡಿ ಕೂರಿಸಿ, ಹೊರಗೆ ಬಂದು ಅದನ್ನು ಶೇಠನ ಬಾಯಿಯ ಮಟ್ಟಕ್ಕೆ ಹಿಡಿದಳು.

"ಬಾಯಿ ತಗೀರಿ ಶೇಠ್."

ಸುತ್ತಿಗೆ ನಿಂತಿತು.

"ಏನಲೇ ಇದು?"

"ಒಂದ ಸಲ ಜಗ್ಗ್ರಿ. ನಿಮಗ ಯಾವ ಚಟಾನೂ ಇಲ್ಲಲ್ಲ. ಜಗ್ಗಿ ನೂಲ ಹೊರಗ ತಗದ ಬೋರ್ಡ ಹೊಡೀರಿ."

"ತಲಿ ಕೆಟ್ಟೈತೇನ ರಂಡೆ? ಆಚಿಗಿ ತಗಿ ಅದನ್ನ."

ಅವಳು ತೆಗೆಯಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಬಂದಳು. ಎಷ್ಟೋ ಬಾಯಿಗಳ ಎಂಜಲಿಗೆ ಕಪ್ಪಾದ ಲಾಳಿಯ ಕಣ್ಣು ಶೇಠನ ತುಟಿಗೆ ಗೇಣು ದೂರದಲ್ಲಿತ್ತು. ಅವನು ತುಟಿ ಬಿಗಿಯಾಗಿ ಮುಚ್ಚಿ ಹಿಂದಕ್ಕೆ ಸರಿದ. ತಗಡು ಒಂದೇ ಮೊಳೆಗೆ ಜೋತುಬಿದ್ದು ಸೊಟ್ಟಗಾಯಿತು.

"ಮಾವಶಿ, ಫೋಟೋ ತಗಿಯೂದೈತಿ," ಎಂದಳು ರುತುಜಾ ಸಣ್ಣ ದನಿಯಲ್ಲಿ.

"ತಗೀರಿ."

ಯಾರೂ ತೆಗೆಯಲಿಲ್ಲ. ರಂಗುಬಾಯಿ ಲಾಳಿ ಹಿಡಿದ ಕೈ ಇಳಿಸಲಿಲ್ಲ. ಅವಳ ಬೆನ್ನ ಹಿಂದೆ, ಒಳಗಿನ ಹಾಸಿಗೆಯ ಮೇಲೆ, ಕೃಷ್ಣಾ ಕಣ್ಣು ಮುಚ್ಚಿಕೊಂಡು ತುಟಿ ದುಂಡಗೆ ಮಾಡಿ ಉಸಿರು ಜಗ್ಗುತ್ತಲೇ ಇದ್ದ.