ನೀರು ನಿಲ್ಲಿಸಿದವನು

"ಮೊದಲು ನನ್ನ ಮೇಲೆ ಗಾಡಿ ಹತ್ತಿಸಿ, ಆಮೇಲೆ ನನ್ನ ತಮ್ಮನ್ನ ಕೊಯ್ಯೋಕೆ ತಗೊಂಡ್ಹೋಗಿ!"

ಮೇಸ್ತ್ರಿಯ ಅಣ್ಣ ಆಸ್ಪತ್ರೆಯ ವ್ಯಾನಿಗೆ ಅಡ್ಡ ನಿಂತಿದ್ದ. ಪಡಸಾಲೆಯಲ್ಲಿ ಮೇಸ್ತ್ರಿಯ ದೇಹ ಬಿಳಿ ಬಟ್ಟೆಯಡಿ ಮಲಗಿತ್ತು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕಲ್ಲಿಗೆ ಹೊಳಪು ಕೊಟ್ಟವನು ಐವತ್ತಕ್ಕೇ ಉಸಿರು ಮುಗಿಸಿದ್ದ. ಕಾರ್ಖಾನೆಯವರು ಅದನ್ನು ಕ್ಷಯ ಎನ್ನುತ್ತಿದ್ದರು. ಕಲ್ಲಿನ ಧೂಳೇ ಕಾರಣವೆಂದು ಶವಪರೀಕ್ಷೆಯಲ್ಲಿ ಸಾಬೀತಾದರೆ, ಅವನ ಜೊತೆ ಕೇಸು ಹಾಕಿದ್ದ ಹದಿನೆಂಟು ಮಂದಿಗೂ ಪರಿಹಾರ ಸಿಗುತ್ತಿತ್ತು.

"ಭಾವ, ದಾರಿ ಬಿಡಿ. ಅವರೇ ರುಜು ಹಾಕಿಟ್ಟ ಕಾಗದ ಇದು," ಎಂದಳು ಮೇಸ್ತ್ರಿಯ ಹೆಂಡತಿ.

"ಕಾಗದಕ್ಕೇನಮ್ಮ, ಅದಕ್ಕೆ ನೋವಾಗತ್ತಾ?"

"ಅವರಿಗೂ ಇನ್ನು ಆಗಲ್ಲ. ಆಗೋದೆಲ್ಲ ಆಗೋಯ್ತು." ಅವಳ ತಲೆ ತಗ್ಗಲಿಲ್ಲ.

* * *

ಕಲ್ಲು ಉಜ್ಜುವ ಚಕ್ರದ ಮೇಲೆ ಸದಾ ನೀರು ಬೀಳುತ್ತದೆ, ಧೂಳು ಏಳುವುದೇ ಇಲ್ಲ ಎಂದು ಕೆಲವು ತಿಂಗಳ ಹಿಂದೆ ಕಂಪನಿಯ ವಕೀಲರು ಕೋರ್ಟಿನಲ್ಲಿ ವಾದಿಸಿದ್ದರು. ಮೇಸ್ತ್ರಿ ಕಟಕಟೆ ಹಿಡಿದು ನಿಂತಿದ್ದ.

"ನಲ್ಲಿ ತಿರುಗಿಸಿ ನೀರು ನಿಲ್ಲಿಸಿದವನು ನಾನೇ ಸ್ವಾಮಿ. ಕಲ್ಲು ಒದ್ದೆಯಿದ್ರೆ ಗೀರು ಕಾಣಲ್ಲ. ಒಣಗಲ್ಲು ಉಜ್ಜಿದ್ರೆ ಕೆಲಸ ಬೇಗ. ಧಣಿ ನೋಡಿ, ಭೇಷ್, ಎಲ್ರಿಗೂ ಹೀಗೇ ಕಲಿಸು ಅಂದ್ರು. ಕಲಿಸಿದೆ." ಹಿಂದೆ ಕೂತಿದ್ದ ಹದಿನೆಂಟು ಮಂದಿಯನ್ನು ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ. "ಇವರ ಎದೆಗೆ ಧೂಳು ತುಂಬಿಸಿದ್ದು ನನ್ನ ಕೈ."

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ ಸಾಕ್ಷಿಯನ್ನು ವಕೀಲರು ಅಂದೇ ಮೊದಲು ಕಂಡದ್ದು. ಮನೆಗೆ ಬಂದು ಮೇಸ್ತ್ರಿ ಶವಪರೀಕ್ಷೆಯ ಕಾಗದಕ್ಕೆ ರುಜು ಹಾಕಿದ. "ಬಾಯಿಮಾತು ನಂಬದಿದ್ರೆ ಎದೆ ಬಿಚ್ಚಿ ತೋರಿಸು," ಎಂದು ಹೆಂಡತಿಗೆ ಹೇಳಿದ.

* * *

"ಅಣ್ಣಾ," ಎಂದ ವ್ಯಾನಿನ ಪಕ್ಕ ನಿಂತಿದ್ದ ಜೊತೆಯ ಕೆಲಸಗಾರನೊಬ್ಬ, ಏದುಸಿರಿನ ನಡುವೆ. "ತಪ್ಪು ಒಪ್ಪಿಕೊಳ್ಳೋಕೆ ಎಂಟೆದೆ ಬೇಕು. ಧಣಿಗೆ ಒಂದೂ ಇರ್ಲಿಲ್ಲ."

ಅಣ್ಣ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದ.

ಮಧ್ಯಾಹ್ನ ದೇಹ ಹಿಂತಿರುಗಿತು. "ಶ್ವಾಸಕೋಶ ಕೊಯ್ಯುವಾಗ ಕತ್ತಿ ಮರಳಿಗೆ ತಾಗಿದ ಹಾಗೆ ಸದ್ದಾಯಿತಮ್ಮ. ಹಾಗೇ ಬರೆದಿದ್ದೇನೆ," ಎಂದಿದ್ದರು ಡಾಕ್ಟರು. ಅವಳು ಅದನ್ನು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಅಳುತ್ತಲೇ ಹೇಳಿದಳು. ಅಷ್ಟು ಹೆಮ್ಮೆ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಅಣ್ಣ ಹೆಗಲು ಕೊಡಲು ಬಂದ. "ಇವತ್ತು ಬಿಡಣ್ಣ, ಇದು ನಮ್ದು," ಎಂದರು ಆ ಹದಿನೆಂಟು ಮಂದಿ.

ನಾಲ್ವರು ಹೊತ್ತರು. ಹತ್ತು ಹೆಜ್ಜೆಗೇ ಅವರ ಉಸಿರು ಮುಗಿಯಿತು. ಇನ್ನು ನಾಲ್ವರು ಹೆಗಲು ಒಡ್ಡಿದರು. ದಣಿದವರು ಅಂಗಡಿಗಳ ಮೆಟ್ಟಿಲ ಮೇಲೆ ಕೂತು ಕೆಮ್ಮಿದರು. ಗೋಡೆ ಹಿಡಿದು ಎದ್ದು, ಮುಂದೆ ಹೋಗಿ, ಮತ್ತೆ ತಮ್ಮ ಸರದಿಗೆ ಸಾಲಾಗಿ ನಿಂತರು.