ಇನ್ನೊಂದು ತಿಂಗಳ ಬಾಡಿಗೆ

ಕಿಡ್ನಿ ಕಸಿ ಮಾಡಿಸಿಕೊಂಡ ಹೆಂಡತಿ ಇನ್ನೂ ಒಂದು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕೆಂದು ಡಾಕ್ಟರು ಹೇಳಿದಾಗ ಕ್ಷೌರಿಕ ಜೇಬಿನಲ್ಲಿ ಉಳಿದಿದ್ದ ನೋಟುಗಳನ್ನು ಎಣಿಸಿದ.

ಬಾಡಿಗೆ ಕೋಣೆಗೆ ಮರಳಿದ ಮೇಲೆ ಅವಳೆಂದಳು: “ಸಾಕು ರೀ, ಊರಿಗೆ ಹೋಗೋಣ. ನಿಮ್ಮ ಗಿರಾಕಿಗಳೆಲ್ಲ ಗಡ್ಡ ಬಿಟ್ಟು ಋಷಿಗಳಾಗಿರ್ತಾರೆ.”

ಅವನು ನಗಲಿಲ್ಲ. “ಅಂಗಡಿ ಇಲ್ಲ ಕಣೇ. ಈ ಕೋಣೆ ಬಾಡಿಗೆಗೇ ಕುರ್ಚಿ, ಕನ್ನಡಿ ಸಮೇತ ಮಾರಿಬಿಟ್ಟೆ. ಕತ್ತರಿಯೊಂದು ಉಳಿದಿದೆ.”

ಹಾಲು ಕೊಡಲು ಬಂದ ಮನೆಯೊಡತಿ ಅಜ್ಜಿ ಬಾಗಿಲಲ್ಲೇ ನಿಂತರು.

“ಬಾಡಿಗೆ ಬಿಟ್ಟುಕೊಟ್ರೆ ನನ್ನ ಹೊಟ್ಟೆಗೂ ತಣ್ಣೀರು ಬಟ್ಟೆನೇಪ್ಪಾ. ಅಂಗಳದಲ್ಲಿ ಕತ್ತರಿ ಹಿಡಿ, ಉಳಿದ ಕೋಣೆಯವ್ರಿಗೆ ನಾನು ಹೇಳ್ತೀನಿ. ಮೊದ್ಲು ನನ್ನ ಈ ನಾಲ್ಕೆಳೆ ಕೂದ್ಲಿಂದ್ಲೇ ಶುರು ಮಾಡು.”

ಅವನು ಅಜ್ಜಿಯ ಹಿಂದೆ ಹೊರನಡೆದ. ಕೂದಲಿನ ಧೂಳು ಒಳಗೆ ಬರಬಾರದೆಂದು ಹೆಂಡತಿ ಕಿಟಕಿಗಳನ್ನೆಲ್ಲ ಮುಚ್ಚಿದಳು. ಅವಳು ಅತ್ತದ್ದು ಅಂಗಳಕ್ಕೆ ಕೇಳಿಸಲಿಲ್ಲ.