ಸಣ್ಣ ಟ್ರ್ಯಾಕ್ಟರಿನ ಹಗ್ಗ

ವೈನಿ, ಅಂದರೆ ನನ್ನ ಅತ್ತಿಗೆ, ತವರಿಗೆ ಹೊರಟ ದಿನ ಅಣ್ಣನ ಟ್ರ್ಯಾಕ್ಟರೂ ಅವಳ ಜೊತೆ ಹೊರಟಿತು. ಅದು ಅವಳದೇ. ಅವಳ ಬಳೆ, ಸರ ಮಾರಿ ಅಣ್ಣ ಮಾಲತೇಶ ಅದನ್ನು ಹಾವೇರಿಯಿಂದ ತಂದಿದ್ದ. ಅಣ್ಣ ತೀರಿಕೊಂಡ ಮೇಲೆ ಕಾಗದಪತ್ರ ಅವಳ ಹೆಸರಿಗೆ ಬದಲಿಸಲು ಅವ್ವನೇ ಹಾವೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು. ಆ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಮಾತು ಇರಲಿಲ್ಲ. ಅವ್ವನಿಗೂ ನನಗೂ ಇದ್ದ ಚಿಂತೆ ಬೇರೆ. ವೈನಿ ಮತ್ತೆ ಈ ಮನೆಗೆ ಬರುತ್ತಾಳೋ ಇಲ್ಲವೋ? ಮಕ್ಕಳಿಲ್ಲ. ಅವಳನ್ನು ನಮಗೆ ಜೋಡಿಸಿ ಹಿಡಿದದ್ದು ತಗಡಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತ ಆ ಟ್ರ್ಯಾಕ್ಟರ್ ಒಂದೇ ಆಗಿತ್ತು.

ಬೇರೆಯವರ ದೊಡ್ಡ ಟ್ರ್ಯಾಕ್ಟರಿನ ಪಕ್ಕ ನಿಂತರೆ ಅದು ಕರುವಿನಂತೆ ಕಾಣುತ್ತಿತ್ತು. ಮೆಣಸಿನಗಿಡದ ಸಾಲುಗಳ ನಡುವೆ ಒಂದು ಟೊಂಗೆಯೂ ಮುರಿಯದಂತೆ ಹೋಗಿಬರಲೆಂದೇ ಅಣ್ಣ ಅಂಥ ಸಣ್ಣದನ್ನು ಆರಿಸಿದ್ದ. ಹೊಲದ ಕೆಲಸ ಮುಗಿದಾಗ ಅವನು ಅದನ್ನು ಒಳಗಿಡುವ ರೀತಿ ನೋಡಲು ನಾನು ಶೆಡ್ಡಿನ ಬಾಗಿಲಲ್ಲಿ ಕುಳಿತಿರುತ್ತಿದ್ದೆ. ಮೊದಲು ಮಣ್ಣು ತೊಳೆಯುವುದು. ಕಳೆ ತೆಗೆಯುವ ಕುಂಟೆ, ಬಿತ್ತುವ ಕೂರಿಗೆ, ಮಣ್ಣು ಪುಡಿ ಮಾಡುವ ರೋಟರ್, ಇವುಗಳ ಕಬ್ಬಿಣಕ್ಕೆ ಸುಟ್ಟ ಆಯಿಲ್ ಸವರಿ, ನೆಲದ ಹಸಿ ತಾಗದಂತೆ ಕಲ್ಲಿನ ಮೇಲೆ ಇಡುವುದು. ಹೊಗೆ ಬರುವ ಕೊಳವೆಯ ಬಾಯಿಗೆ ತೆಂಗಿನ ಚಿಪ್ಪು ಬೋರಲು ಹಾಕುವುದು. ಕೊನೆಗೆ ಟಾಪ್ ಲಿಂಕ್ ಬಿಚ್ಚಿ ಒರೆಸಿ, ಗೋಡೆಯ ಗೂಟಕ್ಕೆ ತೂಗುಹಾಕುವುದು.

ಟಾಪ್ ಲಿಂಕ್ ಎಂದರೆ ಒಂದು ಮೊಳಕ್ಕಿಂತ ತುಸು ಉದ್ದದ ಕಬ್ಬಿಣದ ದಂಡ. ತಿರುವಿದರೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಕುಂಟೆಯಾಗಲಿ ಕೂರಿಗೆಯಾಗಲಿ ಟ್ರ್ಯಾಕ್ಟರಿನ ಬೆನ್ನಿಗೆ ನೆಟ್ಟಗೆ ನಿಲ್ಲುವುದು ಅದರಿಂದ. ಅದು ಇಲ್ಲದಿದ್ದರೆ ಹಿಂದೆ ಕಟ್ಟಿದ್ದೆಲ್ಲ ನೆಲಕ್ಕೆ ಮಕಾಡೆ ಬೀಳುತ್ತದೆ.

ಆ ಗೂಟದಲ್ಲಿ ಮೊದಲೇ ಎರಡು ಹಗ್ಗಗಳಿದ್ದವು. ಟ್ರ್ಯಾಕ್ಟರ್ ಬರುವ ಮುಂಚೆ ನಮ್ಮಲ್ಲಿದ್ದ ಜೋಡೆತ್ತಿನ ಹಗ್ಗ. ಎತ್ತು ಮಾರಿದರೂ ಹಗ್ಗ ಕೊಡುವುದಿಲ್ಲ ನಮ್ಮ ಮನೆಯಲ್ಲಿ. ಕೊಂಡವರೇ ಬೇರೆ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು. ಹಗ್ಗ ಹೋದರೆ ಕೊಟ್ಟಿಗೆ ಬರಿದಾಗುತ್ತದಂತೆ. ಟ್ರ್ಯಾಕ್ಟರ್ ಬಂದ ದಿನ ಅವ್ವ ಅದಕ್ಕೆ ಆರತಿ ಎತ್ತಿ, "ಎಲ್ಲಾ ಖರೇ ಐತಿ, ಇದಕ್ಕ ಹಗ್ಗನ ಇಲ್ಲಲ್ಲೋ. ರಾತ್ರಿ ಎದಕ್ಕ ಕಟ್ಟತೀ?" ಎಂದಿದ್ದಳು.

ಅಣ್ಣ ಟಾಪ್ ಲಿಂಕ್ ಎತ್ತಿ ತೋರಿಸಿದ್ದ. "ಇದ ನೋಡಬೇ ಇದರ ಹಗ್ಗ. ಇದನ್ನ ಬಿಚ್ಚಿ ಗೂಟಕ್ಕ ಹಾಕಿದ್ರ ಎಲ್ಲೂ ಓಡಿ ಹೋಗಂಗಿಲ್ಲ."

ವೈನಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಅವಳ ಹೆಸರು ಪ್ರಿಯಾಂಕಾ. ಅಣ್ಣ ಅವಳಿಗೆ ಟ್ರ್ಯಾಕ್ಟರ್ ಹೊಡೆಯಲು ಕಲಿಸಿದ್ದ. ನನಗೂ ಕಲಿಸುತ್ತೇನೆ ಅಂದಿದ್ದ. ನಾನು ನಾಚಿಕೊಂಡು, ನಾಳೆ, ನಾಳೆ ಅನ್ನುತ್ತಾ ಉಳಿದೆ.

ಹೋದ ವರ್ಷ ಮೋಟೆಬೆನ್ನೂರ ಹತ್ತಿರ ಹೈವೇಯಲ್ಲಿ ಅಣ್ಣನ ಬೈಕಿಗೆ ಲಾರಿ ಬಡಿಯಿತು. ಆಮೇಲೆ ವೈನಿಯೇ ವಾರಕ್ಕೊಮ್ಮೆ ಶೆಡ್ಡಿಗೆ ಹೋಗಿ, ಚಿಪ್ಪು ತೆಗೆದು, ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಬಂದ್ ಮಾಡುತ್ತಿದ್ದಳು. ಆ ಸದ್ದು ಕೇಳಿದಾಗ ಅವ್ವ ಕೈಯಲ್ಲಿದ್ದ ಹಿಟ್ಟು ತಟ್ಟುವುದನ್ನು ನಿಲ್ಲಿಸುತ್ತಿದ್ದಳು. ಸದ್ದು ನಿಂತ ಮೇಲೆ ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮೂರಲ್ಲಿ ಹೆಣ್ಣುಮಗಳನ್ನು ನೇಗಿಲ ಕೆಲಸಕ್ಕೆ ಕರೆಯುವವರು ಯಾರೂ ಇರಲಿಲ್ಲ. ನಮ್ಮ ಹೊಲವನ್ನೂ ಬೇರೆಯವರಿಗೆ ಪಾಲಿಗೆ ಕೊಟ್ಟಿದ್ದೆವು. ತವರೂರು ಐರಣಿಯಲ್ಲಿ ಅವಳ ಅಣ್ಣ ಹೊಳಿಯಪ್ಪ ಹೊಳೆದಂಡೆಯ ನಾಲ್ಕಾರು ಮನೆಗಳ ಬಿತ್ತನೆ ಕೆಲಸ ಮಾತಾಡಿ, ತಂಗಿಗೆ ಹೇಳಿಕಳಿಸಿದ. ರೋಹಿಣಿ ಮಳೆ ಬಿದ್ದಿತ್ತು. ಅವಳು ಹೊರಟ ಮರುದಿನವೇ ಅಲ್ಲಿ ಗೋವಿನಜೋಳ ಬಿತ್ತಬೇಕಾಗಿತ್ತು.

ಬ್ಯಾಡಗಿಯಿಂದ ಮಲ್ಲಿಕಸಾಬ ತನ್ನ ಗೂಡ್ಸ್ ಗಾಡಿ ತಂದ. ವರ್ಷವಿಡೀ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿ. ಗಾಡಿಯ ಹಿಂಬದಿಯನ್ನು ಕಣದ ಒಡ್ಡಿಗೆ ಹಚ್ಚಿ ನಿಲ್ಲಿಸಿದ. ಒಡ್ಡು ಗಾಡಿಯ ಎತ್ತರಕ್ಕೇ ಇತ್ತು. ಟ್ರ್ಯಾಕ್ಟರನ್ನು ನೇರವಾಗಿ ಒಳಗೆ ಹೊಡೆಯಬಹುದು.

"ಏನವಾ ತಂಗಿ, ಇದು ಟ್ರ್ಯಾಕ್ಟರೋ, ಟ್ರ್ಯಾಕ್ಟರಿನ ಮಗನೋ?" ಎಂದ ಅವನು ವೈನಿಗೆ. "ಮೊದ್ಲ ಹೇಳಿದ್ರ ಅರ್ಧಾ ಟಿಕೀಟ ತಗಸಿ ಬಸ್ಸಿನ್ಯಾಗ ಕುಂದ್ರಸ್ತಿದ್ದೆ."

"ನಗಬ್ಯಾಡ್ರಿ ಕಾಕಾ, ಆಮ್ಯಾಲ ನಿಮ್ಮ ಗಾಡಿ ಕೆಸರಾಗ ಸಿಕ್ರ ಇದ ಬಂದು ಎಳಿಬೇಕು," ಎಂದಳು ವೈನಿ. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಆಟ ಕೇಳಿಸಿತು. ನನಗೆ ಸಂತೋಷವೂ ಆಯಿತು, ಅವಳು ಹೋಗಿಯೇಬಿಡುತ್ತಾಳೆ ಎಂಬ ಅಳುಕೂ ಆಯಿತು.

ಓಣಿಯ ಗಂಡಸರು ರೋಟರ್ ಎತ್ತಲು ಬಂದಿದ್ದರು. ನಾನು ಮರೆತ ತಾಡಪತ್ರಿ ತರಲು ಶೆಡ್ಡಿಗೆ ಹೋದೆ. ಅವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಗೂಟದಿಂದ ಟಾಪ್ ಲಿಂಕ್ ತೆಗೆದು ಅಣ್ಣನ ಟವೆಲ್ಲಿನಲ್ಲಿ ಸುತ್ತುತ್ತಿದ್ದಳು. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ. ಜೋಳದ ಚೀಲಗಳ ಹಿಂದೆ ಅದನ್ನು ಸರಿಸಿ ಇಟ್ಟಳು.

"ಹಗ್ಗ ಕೊಡಬಾರದು," ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಇದಿಲ್ದ ಬಿತ್ತಾಕ ಬರಂಗಿಲ್ಲ. ಬೇಕಂದ್ರ ಬರತಾಳ ಬಿಡು. ತಗೊಂಡು ಹೋಗಾಕರ ಬರತಾಳ."

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬರಲಿ ಎಂದು ನನಗೂ ಇತ್ತು.

ಮನೆಯಿಂದ ಹೊರಡುವ ಸೊಸೆಗೆ ಉಡಿ ತುಂಬಬೇಕು. ಆದರೆ ಗಂಡ ಇಲ್ಲದವಳಿಗೆ ಉಡಿ ತುಂಬುವ ಪದ್ಧತಿ ಇಲ್ಲ. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು. ಅವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣ ತಂದು ಟ್ರ್ಯಾಕ್ಟರಿನ ಸೀಟಿನ ಮೇಲೆ ಇಟ್ಟಳು.

"ಟ್ರ್ಯಾಕ್ಟರಿಗಿ ತುಂಬೇನಿ," ಎಂದಳು, ಯಾರೂ ಕೇಳದಿದ್ದರೂ.

ವೈನಿ ಅದೆಲ್ಲವನ್ನೂ ಎತ್ತಿ ತನ್ನ ಸೆರಗಿಗೆ ಗಂಟು ಕಟ್ಟಿಕೊಂಡಳು. ಸೀಟಿನ ಮೇಲೆ ಕುಳಿತು ಸ್ಟಾರ್ಟ್ ಮಾಡಿದಳು. ಗಾಲಿಗೆ ಇಟ್ಟ ನಿಂಬೆಹಣ್ಣು ಚಿಟ್ಟೆಂದು ಒಡೆಯಿತು. ಟ್ರ್ಯಾಕ್ಟರ್ ಒಡ್ಡಿನಿಂದ ಗಾಡಿಯೊಳಗೆ ಹೋಯಿತು. ಮಲ್ಲಿಕಸಾಬ ಗಾಲಿಗಳಿಗೆ ಕಟ್ಟಿಗೆ ತುಂಡು ಕೊಟ್ಟು, ಸರಪಳಿಯನ್ನು ಅಚ್ಚಿಗೆ ಬಿಗಿದ.

"ಹೋಗಿ ಬರತೇನ್ರಿ ಅತ್ತಿ," ಎಂದು ವೈನಿ ಅವ್ವನ ಕಾಲು ಮುಟ್ಟಿದಳು. ಅವ್ವ ನನ್ನನ್ನು ಗಾಡಿಯ ಕಡೆಗೆ ತಳ್ಳಿದಳು. "ಒಬ್ಬಾಕಿನ್ನ ಕಳಸಬಾರದು. ನೀ ಹೋಗಿ ಬಿಟ್ಟು ಬಾ."

ಬ್ಯಾಡಗಿ ದಾಟುವಾಗ ಮೆಣಸಿನಕಾಯಿ ಘಾಟಿಗೆ ಮಲ್ಲಿಕಸಾಬನನ್ನು ಬಿಟ್ಟು ನಾವಿಬ್ಬರೂ ಸೀನಿದೆವು. "ಈ ಸೀಮಿ ಸೊಸಿಯಾಗಿ ಇಷ್ಟ ವರ್ಷ ಆತು, ಇನ್ನೂ ಸೀನ್ತೀಯಲ್ಲವಾ," ಎಂದು ನಕ್ಕ ಅವನು. ಮೋಟೆಬೆನ್ನೂರ ಬಂದಾಗ ಅವನು ಗಾಡಿಯ ವೇಗ ತಗ್ಗಿಸಿದ. ವೈನಿ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಲ ಬುಡವನ್ನೇ ನೋಡುತ್ತಿದ್ದಳು.

ರಾಣೇಬೆನ್ನೂರಿನಲ್ಲಿ ಸರಪಳಿ ಸಡಿಲಾಗಿದೆಯೇ ನೋಡಲು ಮಲ್ಲಿಕಸಾಬ ಗಾಡಿ ನಿಲ್ಲಿಸಿದ. ವೈನಿ ಹಿಂದೆ ಹತ್ತಿ ಒಂದೊಂದೇ ಸಾಮಾನು ಮುಟ್ಟಿ ನೋಡಿದಳು.

"ಟಾಪ್ ಲಿಂಕ್ ಎಲ್ಲೈತಿ?"

ಕುಂಟೆಯ ಕೆಳಗೆ ಹುಡುಕಿದಳು, ತಾಡಪತ್ರಿ ಕೊಡವಿದಳು. ಆಮೇಲೆ ಮೇಲಿನಿಂದಲೇ ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ಅತ್ತಿ ಇಟ್ಕೊಂಡಾರೇನ?"

ಹೌದೆಂದು ತಲೆಯಾಡಿಸಿದೆ. ಅವಳು ಬಯ್ಯಲಿಲ್ಲ. ಟ್ರ್ಯಾಕ್ಟರಿನ ಮಡಗಾರ್ಡಿನ ಮೇಲೆ ಕುಳಿತುಬಿಟ್ಟಳು. ಅಣ್ಣ ಹಗ್ಗದ ಮಾತಾಡಿದ ದಿನ ನಕ್ಕವಳು ಅವಳೇ. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ತಿರುಗಿ ಹೋಗೂಣೇನ?" ಎಂದು ಕೇಳಿದ ಮಲ್ಲಿಕಸಾಬ. ಆಮೇಲೆ ತಾನೇ, "ಅದಕ್ಯಾಕ ಇಷ್ಟ ಚಿಂತಿ? ಇಲ್ಲೇ ಅಂಗಡ್ಯಾಗ ಕೊತಂಬರಿ ಸಿಕ್ಕಂಗ ಸಿಗತಾವ," ಎಂದ.

ಎದುರಿನ ಅಂಗಡಿಯಲ್ಲಿ ನಿಜವಾಗಿಯೂ ಟಾಪ್ ಲಿಂಕುಗಳನ್ನು ತಂತಿಗೆ ಪೋಣಿಸಿ ತೂಗುಹಾಕಿದ್ದರು. ಕೆಂಪು ಬಣ್ಣ ಬಳಿದ ಹೊಸ ಲಿಂಕುಗಳು. ಜಗತ್ತಿನಲ್ಲಿ ಅದು ಒಂದೇ ಇದೆ, ನಮ್ಮ ಶೆಡ್ಡಿನ ಗೂಟದಲ್ಲಿ ಇದೆ ಎಂದು ನಾನೂ ಅವ್ವನೂ ತಿಳಿದಿದ್ದೆವು. ತಗೋಬ್ಯಾಡ ವೈನಿ, ಮನಿಗೆ ಬಾ, ಅದನ್ನ ತಗೊಂಡು ಹೋಗು. ಹೀಗೆಂದು ಹೇಳುವ ಬದಲು ನಾನು ತಂತಿಗೆ ತೂಗುತ್ತಿದ್ದ ಲಿಂಕುಗಳನ್ನು ಎಣಿಸಿದೆ.

ವೈನಿ ಅಂಗಡಿಯ ಮುಂದೆ ಬಹಳ ಹೊತ್ತು ನಿಂತಳು. ಬಂದ ದಾರಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಒಂದನ್ನು ಇಳಿಸಲು ಹೇಳಿದಳು.

"ನಾಳೆ ಬಿತ್ತಬೇಕು. ಹದ ಆರಿ ಹೋಗತೈತಿ," ಎಂದಳು, ನನಗೋ ತನಗೋ. ಗಾಡಿ ಹತ್ತುವಾಗ ನನ್ನ ಕೈ ಹಿಡಿದು, "ಅತ್ತಿಗಿ ಹೇಳಬ್ಯಾಡವಾ, ಹೊಸಾದು ತಗೊಂಡಿದ್ದು," ಎಂದಳು.

ಐರಣಿಯಲ್ಲಿ ಹೊಳಿಯಪ್ಪ ಹಂಚು ಹೊದಿಸಿದ ಜಾಗ ಸಿದ್ಧಮಾಡಿ ಇಟ್ಟಿದ್ದ. ಕೆಳಗೆ ಕಲ್ಲು ಹಾಸಿದ್ದ. ಟ್ರ್ಯಾಕ್ಟರ್ ಇಳಿಸಿದ ಮೇಲೆ ವೈನಿ ಕೂರಿಗೆ ಹಚ್ಚಿ, ಕೆಂಪು ಲಿಂಕ್ ತಿರುವಿ ಬಿಗಿ ಮಾಡಿ, ಎತ್ತಿ ಇಳಿಸಿ ನೋಡಿದಳು. ಸರಿಯಾಗಿ ಕೂತಿತು. ಆಮೇಲೆ ಮತ್ತೆ ಬಿಚ್ಚಿ, ಒರೆಸಿ, ಗೋಡೆಯ ಮೊಳೆಗೆ ಹಾಕಿದಳು. ಹೊಗೆ ಕೊಳವೆಗೆ ತೆಂಗಿನ ಚಿಪ್ಪು ಹಾಕಿದಳು. ಎಲ್ಲವೂ ಅಣ್ಣ ಮಾಡುತ್ತಿದ್ದ ಹಾಗೆಯೇ. ನೋಡುತ್ತ ನನಗೆ ಕಣ್ಣು ತುಂಬಿತು.

ನನ್ನನ್ನು ಬಸ್ಸಿಗೆ ಹತ್ತಿಸಲು ಬಂದವಳು, "ನೀ ಬರತಿರು," ಎಂದಳು. ಬೆಳಿಗ್ಗೆ ಅವ್ವನಿಗೆ ಹೇಳಿದ 'ಹೋಗಿ ಬರತೇನಿ' ಎಂಬ ಮಾತನ್ನು ನನಗೆ ಹೇಳಲಿಲ್ಲ.

ನಾನು ಮನೆ ಸೇರಿದಾಗ ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಟವೆಲ್ಲಿನ ಗಂಟು ಪಕ್ಕದಲ್ಲೇ ಇತ್ತು. "ಏನರ ಕೇಳಿದ್ಲೇನ?" ಎಂದಳು.

"ಇಲ್ಲಬೇ."

"ನಾಳೆ ಗೊತ್ತಾಗತೈತಿ."

ಮರುದಿನ ಫೋನು ಬರಲಿಲ್ಲ. ಅವ್ವ ಲಿಂಕಿಗೆ ಎಣ್ಣೆ ಸವರಿದಳು. ಓಣಿಯಲ್ಲಿ ಗಾಡಿ ಸದ್ದಾದರೆ ಎದ್ದು ಬಾಗಿಲಿಗೆ ಬರುತ್ತಿದ್ದಳು. ವೈನಿ ಆಮೇಲೆ ಎರಡು ಸಲ ಫೋನು ಮಾಡಿದಳು. ಊಟ, ಮಳೆ, ಅವ್ವನ ಮೊಣಕಾಲು ನೋವು ವಿಚಾರಿಸಿದಳು. ಲಿಂಕಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ನಮ್ಮ ಹೊಲದಲ್ಲಿ ಪಾಲಿನವರು ಬಿತ್ತಿದ ಗೋವಿನಜೋಳ ಮೊಣಕಾಲೆತ್ತರ ಬಂತು.

ಒಂದು ಸಂಜೆ ಅವ್ವ ಹೊಲ ನೋಡಿಕೊಂಡು ಬಂದು ಕಾಲು ತೊಳೆಯದೆ ಶೆಡ್ಡಿಗೆ ಹೋದಳು. ನಾನೂ ಹಿಂದೆ ಹೋದೆ.

"ಐರಣ್ಯಾಗೂ ಬಿತ್ತಿಗಿ ಮುಗದಿರಬೇಕಲ್ಲ?"

"ಮುಗದೈತಿ."

"ಇದು ಅಂಗಡ್ಯಾಗ ಸಿಗತೈತೇನ?"

ವೈನಿ ಹೇಳಬೇಡ ಅಂದಿದ್ದಳು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಮತ್ತೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಸಿಗತೈತಿಬೇ."

ಅವ್ವ ಅಳಲಿಲ್ಲ. ಟವೆಲ್ ಬಿಚ್ಚಿ, ಲಿಂಕನ್ನು ಮತ್ತೆ ಅದೇ ಗೂಟಕ್ಕೆ, ಎತ್ತಿನ ಹಗ್ಗಗಳ ಪಕ್ಕಕ್ಕೆ ಹಾಕಿದಳು. ಟವೆಲ್ಲನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡಳು.

"ಹಗ್ಗ ಇಟ್ಕೊಂಡ್ರ ಕೊಟ್ಟಿಗಿ ಬರಿದಾಗಂಗಿಲ್ಲ ಅಂತ ನಮ್ಮತ್ತಿ ಹೇಳತಿದ್ಲು," ಎಂದಳು. "ಎತ್ತು ತಿರುಗಿ ಬರತಾವ ಅಂತ ಆಕಿ ಹೇಳಿರಲಿಲ್ಲ. ಅದನ್ನ ನಾನ ಕೂಡಿಸಿದ್ದೆ."

ಮೂಲೆಯಿಂದ ಕಸಬರಿಗೆ ತೆಗೆದುಕೊಂಡು ನೆಲ ಗುಡಿಸತೊಡಗಿದಳು. ಕುಂಟೆ, ಕೂರಿಗೆ, ರೋಟರ್ ಇಡುತ್ತಿದ್ದ ಕಲ್ಲುಗಳು ಹಾಗೆಯೇ ಇದ್ದವು, ನಡುವೆ ಆಯಿಲ್ಲಿನ ಕರಿ ಕಲೆ. ಒಂದು ಕಲ್ಲನ್ನೂ ಸರಿಸದೆ, ಸುತ್ತಲೂ ಬಾಗಿ ಬಾಗಿ ಗುಡಿಸಿದಳು.